ಹೊನಗೊನೆಯ ಕಡ್ಡಿ

ಕೆಲಸಕ್ಕೆ ಸೇರುವಾಗ ತುಂಬಿದ ಅರ್ಜಿಯಲ್ಲಿ ತಂದೆ ಅಥವಾ ತಾಯಿಯ ಉದ್ಯೋಗ ಎಂಬ ಅಂಕಣವಿತ್ತು. ನಾನು ‘ವ್ಯಾಪಾರ’ ಎಂದು ಬರೆದೆ. ಅದು ಸುಳ್ಳಾಗಿರಲಿಲ್ಲ. ಅಮ್ಮ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ, ಫುಟ್‌ಪಾತಿನ ಮೇಲೆ ಗೋಣಿಚೀಲ ಹಾಸಿಕೊಂಡು ಸೊಪ್ಪು ಮಾರುತ್ತಾಳೆ. ಸೊಪ್ಪು ಮಾರುವುದೂ ವ್ಯಾಪಾರವೇ. ಆದರೂ ಆ ಮೂರು ಅಕ್ಷರಗಳನ್ನು ಬರೆದು ಮುಗಿಸಿದ ಮೇಲೆ, ಯಾರಾದರೂ ‘ಏನು ವ್ಯಾಪಾರ?’ ಎಂದು ಕೇಳಿಬಿಟ್ಟರೆ ಏನು ಹೇಳುವುದೆಂದು ಅರ್ಜಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಹಳ ಹೊತ್ತು ಕುಳಿತಿದ್ದೆ. ಯಾರೂ ಕೇಳಲಿಲ್ಲ.

ನಮ್ಮ ಮನೆ ಶ್ರೀರಾಂಪುರದಲ್ಲಿದೆ. ಮನೆಯಲ್ಲಿ ಅಮ್ಮ ಮತ್ತು ನಾನು, ಇಬ್ಬರೇ. ನಮ್ಮ ವಂಶದಲ್ಲಿ ಪದವಿ ಪಡೆದವಳು ನಾನೇ ಮೊದಲು. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳಬೇಕೆಂದು ಎಲ್ಲರೂ ಬಯಸುತ್ತಾರೆ. ನನಗಾದರೋ ಅದು ಹೆಮ್ಮೆಗಿಂತ ಹೆಚ್ಚಾಗಿ ಅಂಜಿಕೆಯನ್ನೇ ತಂದಿತ್ತು. ನನಗಿಂತ ಮೊದಲು ಈ ದಾರಿಯಲ್ಲಿ ಹೋಗಿ, ಎಲ್ಲಿ ಹಳ್ಳವಿದೆ, ಎಲ್ಲಿ ತಿರುವಿದೆ ಎಂದು ಹೇಳುವವರು ಮನೆಯಲ್ಲಿರಲಿಲ್ಲ. ಹಾಗಾಗಿ ಬಾಯಿ ತೆರೆಯುವ ಮೊದಲು ವಾಕ್ಯವನ್ನು ಮನಸ್ಸಿನಲ್ಲಿ ಒಮ್ಮೆ ಪೂರ್ತಿ ಹೇಳಿಕೊಂಡು, ಸರಿ ಇದೆ ಎನಿಸಿದರೆ ಮಾತ್ರ ಆಡುವುದು ನನ್ನ ಅಭ್ಯಾಸವಾಯಿತು. ಈಗಲೂ ಆ ಅಭ್ಯಾಸ ಪೂರ್ತಿ ಬಿಟ್ಟಿಲ್ಲ.

ನಾನು ಓದಿದ್ದು ಆಹಾರ ಮತ್ತು ಪೋಷಣೆಯ ವಿಷಯ. ಕೆಲಸ ಸಿಕ್ಕಿದ್ದು ಬಸವನಗುಡಿಯ ಒಂದು ಸಣ್ಣ ಸೇವಾಸಂಸ್ಥೆಯಲ್ಲಿ. ಗಾಂಧಿ ಬಜಾರಿನ ಹಿಂದಿನ ರಸ್ತೆಯ ಹಳೆಯ ಮನೆಯೊಂದು ಅದರ ಕಚೇರಿ. ಮಾಗಡಿಯ ಕಡೆಯ ಕೆಲವು ಬಡ ಹಳ್ಳಿಗಳಲ್ಲಿ ಬಸುರಿಯರ ಮತ್ತು ಮಕ್ಕಳ ಊಟ, ಮನೆಯ ಹಿಂದಿನ ಕೈತೋಟ, ಕೈ ತೊಳೆಯುವ ರೂಢಿ, ಚರಂಡಿಗಳ ಸ್ವಚ್ಛತೆ ಇವುಗಳ ಬಗ್ಗೆ ತಿಳಿಹೇಳುವುದು ಸಂಸ್ಥೆಯ ಕೆಲಸ. ನಾನು ಕೈಪಿಡಿಗಳನ್ನು ಬರೆದುಕೊಡಬೇಕು, ವಾರಕ್ಕೆ ಎರಡು ದಿನ ಸಂಸ್ಥೆಯ ಜೀಪಿನಲ್ಲಿ ಹಳ್ಳಿಗೆ ಹೋಗಿ ಹೆಂಗಸರೊಡನೆ ಮಾತನಾಡಬೇಕು.

ಮೇಲ್ವಿಚಾರಕರಾಗಿದ್ದ ಮೇಡಂ ಬಸವನಗುಡಿಯಲ್ಲೇ ಹುಟ್ಟಿ ಬೆಳೆದವರು. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದರು. ನನ್ನನ್ನು ಎಂದೂ ಗದರಿಸಿದವರಲ್ಲ. ಆದರೆ ಅವರು ಸಲೀಸಾಗಿ ಆಡುವ ಮಾತನ್ನು ಕೇಳಿದಾಗಲೆಲ್ಲ ನನ್ನ ಮಾತು ಇನ್ನಷ್ಟು ಬಿಗಿಯಾಗುತ್ತಿತ್ತು.

ಸೇರಿದ ಮೊದಲ ವಾರ ನಡೆದ ಒಂದು ಚಿಕ್ಕ ಸಂಗತಿಯನ್ನು ಇಲ್ಲಿ ಹೇಳಬೇಕು. ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚಿ ಕುಳಿತಿದ್ದೆವು. ಲೆಕ್ಕಪತ್ರ ನೋಡುವ ಸಹೋದ್ಯೋಗಿಯೊಬ್ಬರು ತಮ್ಮ ಪಲ್ಯವನ್ನು ತೋರಿಸಿ, ಇದು ಯಾವ ಸೊಪ್ಪೋ ಗೊತ್ತಾಗುತ್ತಿಲ್ಲ, ಅಂಗಡಿಯವನು ದಂಟು ಎಂದು ಕೊಟ್ಟ ಎಂದರು. ನಾನು ನೋಡಿದ ಕೂಡಲೇ, ಇದು ದಂಟಲ್ಲ, ಕೀರೆ, ದಂಟಿನ ಎಲೆ ಇದಕ್ಕಿಂತ ದಪ್ಪ ಎಂದೆ.

“ಅಬ್ಬಾ, ಬೆಂದಿರೋ ಸೊಪ್ಪಲ್ಲೂ ಗುರುತು ಹಿಡೀತೀರಲ್ರೀ! ಸೊಪ್ಪು ಮಾರೋರ ಥರ!” ಎಂದು ಅವರು ನಕ್ಕರು. ಉಳಿದವರೂ ನಕ್ಕರು. ಅದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ನಾನೂ ನಕ್ಕೆ. ಅಂದಿನಿಂದ ಮಾತ್ರ ಕಚೇರಿಯಲ್ಲಿ ಯಾವ ಸೊಪ್ಪಿನ ಹೆಸರನ್ನೂ ನಾನಾಗಿ ಹೇಳಲಿಲ್ಲ.

ನಾನು ಸಿದ್ಧಪಡಿಸಿದ ಮೊದಲ ಕೈಪಿಡಿ ಬಸುರಿಯರ ಆಹಾರವನ್ನು ಕುರಿತದ್ದು. ಅದಕ್ಕೆ ಮೂರು ವಾರ ತೆಗೆದುಕೊಂಡೆ. ಪ್ರತಿ ಪದವನ್ನೂ ನಿಘಂಟಿನಲ್ಲಿ ನೋಡಿದೆ. ಕ್ಯಾರೆಟ್, ಬೀನ್ಸ್, ಸೇಬು, ದಾಳಿಂಬೆ, ಪಾಲಕ್, ಮೊಟ್ಟೆ, ಹಾಲು ಎಂದು ಪಠ್ಯಪುಸ್ತಕದಲ್ಲಿದ್ದ ಕ್ರಮದಲ್ಲೇ ಪಟ್ಟಿ ಮಾಡಿ, ಪಕ್ಕದಲ್ಲಿ ಚಿತ್ರ ಹಾಕಿಸಿದೆ. ಅಮ್ಮನ ಗೋಣಿಯ ಮೇಲಿರುತ್ತಿದ್ದ ಕೀರೆ, ಹೊನಗೊನೆ, ಅಣ್ಣೆ, ಗೋಣಿಸೊಪ್ಪು, ಒಂದೆಲಗ ಇವು ಯಾವುವೂ ಅದರಲ್ಲಿರಲಿಲ್ಲ. ಮೇಡಂ ಓದಿ, “ಭಾಷೆ ಶುದ್ಧವಾಗಿದೆಯಮ್ಮಾ” ಎಂದರು. ಆ ಮಾತು ಎಷ್ಟೋ ದಿನ ನನಗೆ ಸಾಕಾಯಿತು.

ನನಗೆ ವಹಿಸಿದ ಹಳ್ಳಿಯಲ್ಲಿ ಸುಮಾರು ನಲವತ್ತು ಮನೆಗಳು. ಪ್ರತಿ ಮನೆಯ ಹಿಂದೆ ತೆಂಗಿನ ಗರಿಯ ಮರೆ ಕಟ್ಟಿದ ಬಚ್ಚಲು. ಬಚ್ಚಲ ನೀರು ಮಣ್ಣಿನ ಕಾಲುವೆಯಲ್ಲಿ ಹರಿದು ಓಣಿಯ ತಗ್ಗಿನಲ್ಲಿ ನಿಲ್ಲುತ್ತಿತ್ತು. ಅಲ್ಲಿ ಸೊಳ್ಳೆ ಮುತ್ತುತ್ತಿದ್ದವು, ಮಕ್ಕಳಿಗೆ ಮೇಲಿಂದ ಮೇಲೆ ಜ್ವರ ಬರುತ್ತಿತ್ತು. ಆದ್ದರಿಂದ ಮನೆಗೊಂದು ಇಂಗುಗುಂಡಿ ತೋಡಿ, ಕಾಲುವೆಗಳನ್ನು ಹೆರೆದು ಸ್ವಚ್ಛ ಮಾಡಬೇಕು, ಬಚ್ಚಲಿನ ಆಚೆಗೆ ಎರಡು ಮಡಿ ಮಾಡಿ ಪಾಲಕ್ ಬೀಜ ಹಾಕಬೇಕು ಎಂದು ಯೋಜನೆಯಾಯಿತು. ಯೋಜನೆಯಲ್ಲಿ ತಪ್ಪಿರಲಿಲ್ಲವೆಂದು ಈಗಲೂ ನನ್ನ ಅಭಿಪ್ರಾಯ.

ಹಳ್ಳಿಯ ಬಸುರಿಯರ ಪೈಕಿ ಒಬ್ಬಳ ಬಗ್ಗೆ ಮಾತ್ರ ಎಲ್ಲರಿಗೂ ಚಿಂತೆಯಿತ್ತು. ಇಪ್ಪತ್ತೈದರ ಆಸುಪಾಸಿನ, ತೆಳ್ಳನೆಯ ಹೆಂಗಸು. ನಾಲ್ಕು ವರ್ಷದ ಹೆಣ್ಣುಮಗುವಿನ ತಾಯಿ. ಆ ಮೊದಲ ಹೆರಿಗೆಯಲ್ಲಿ ಬಹಳ ರಕ್ತ ಹೋಗಿ ಅವಳು ಉಳಿದದ್ದೇ ಹೆಚ್ಚು ಎನ್ನುತ್ತಿದ್ದರು. ಈಗ ಐದನೆಯ ತಿಂಗಳು. ಊರಿನ ಆಶಾ ಕಾರ್ಯಕರ್ತೆ ಪರೀಕ್ಷೆ ಮಾಡಿಸಿದಾಗ ರಕ್ತದ ಹಿಮೋಗ್ಲೋಬಿನ್ ಒಂಬತ್ತರಲ್ಲಿತ್ತು. ಹೆರಿಗೆಯ ಹೊತ್ತಿಗೆ ಹತ್ತನ್ನಾದರೂ ದಾಟಬೇಕು, ಏಳಕ್ಕಿಂತ ಕೆಳಗಿಳಿದರೆ ತಾಲ್ಲೂಕು ಆಸ್ಪತ್ರೆಯವರು ಸೇರಿಸಿಕೊಳ್ಳುವುದಿಲ್ಲ, ಬೆಂಗಳೂರಿನ ದೊಡ್ಡಾಸ್ಪತ್ರೆಗೇ ಸಾಗಿಸಬೇಕು, ನೋವು ಶುರುವಾದ ಮೇಲೆ ಆ ದಾರಿ ಯಾರಿಗೂ ಬೇಡ ಎಂದು ಆಶಾ ನನಗೆ ವಿವರಿಸಿದ್ದರು. ನಾನು ಆ ಹೆಂಗಸಿಗೆ ಕೈಪಿಡಿ ಕೊಟ್ಟು, ಕಬ್ಬಿಣಾಂಶದ ಮಾತ್ರೆಗಳನ್ನು ತಪ್ಪದೆ ಸೇವಿಸಬೇಕೆಂದು ಹೇಳಿದ್ದೆ. ಅವಳು ಕೈಪಿಡಿಯ ಸೇಬಿನ ಚಿತ್ರವನ್ನು ಮಗಳಿಗೆ ತೋರಿಸಿದ್ದಳು.

ಸ್ವಚ್ಛತೆಯ ದಿನ ಮೇಡಂ ಸಹ ಬಂದಿದ್ದರು. ಹೆಂಗಸರು ಗುದ್ದಲಿ, ಕುಡುಗೋಲು ಹಿಡಿದು ಮನೆಯ ಹಿಂದಿನ ಕಾಲುವೆಗಳಿಗೆ ಇಳಿದರು. ಕಾಲುವೆಯ ಎರಡೂ ಅಂಚಿನಲ್ಲಿ ಹಸಿರು ಹೆಣೆದುಕೊಂಡಿತ್ತು. ದೂರದಿಂದಲೇ ನನಗೆ ಗುರುತು ಸಿಕ್ಕಿತು. ನೆಲಕ್ಕೆ ಹಬ್ಬಿದ ಕೆಂಪು ಛಾಯೆಯ ಕಡ್ಡಿ, ಎದುರುಬದುರು ಕೂತ ಸಣ್ಣ ಉದ್ದನೆಯ ಎಲೆ, ಎಲೆಯ ಬುಡದಲ್ಲಿ ಬೆಳ್ಳನೆಯ ಪುಟ್ಟ ಹೂಗುಚ್ಛ. ಶಾಲೆಗೆ ಹೋಗುವ ವಯಸ್ಸಿನಿಂದ ಪ್ರತಿ ಸಂಜೆ ನಾನು ಬಿಡಿಸಿದ ಸೊಪ್ಪು ಅದು.

ಆ ಹೆಂಗಸು ಒಂದು ಹಿಡಿ ಕಿತ್ತು ನನ್ನ ಮುಂದೆ ಹಿಡಿದಳು.

“ಅಕ್ಕ, ಇದು ಹೊನಗೊನೆ ಕಣಕ್ಕ. ಇದ್ನೂ ಕೀಳ್ಬೇಕಾ?”

ನಾನು ಉತ್ತರಿಸುವ ಮೊದಲೇ ಎರಡು ಮಾರು ಆಚೆ ಸೀರೆಯ ನೆರಿಗೆ ಎತ್ತಿ ಹಿಡಿದು ನಿಂತಿದ್ದ ಮೇಡಂ, “ಏನಂತೆ ಅವಳದು?” ಎಂದು ಕೇಳಿದರು.

ಒಂದು ಕ್ಷಣದಲ್ಲಿ ನನ್ನ ತಲೆಯಲ್ಲಿ ಓಡಿದ್ದನ್ನು ಈಗ ಬಿಡಿಸಿ ಹೇಳಬಲ್ಲೆ. ಹೌದು ಇದು ಹೊನಗೊನೆ ಎಂದರೆ, ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಹೇಗೆ ಗೊತ್ತು ಎಂಬುದಕ್ಕೆ ನನ್ನ ಬಳಿ ಒಂದೇ ಉತ್ತರವಿತ್ತು.

“ಏನಿಲ್ಲ ಮೇಡಂ, ಚರಂಡಿಯ ಬದಿಯ ಕಳೆ. ತೆಗೆಯಬೇಕೇ ಎಂದು ಕೇಳುತ್ತಿದ್ದಾರೆ” ಎಂದೆ.

“ತೆಗೀಲಿ ತೆಗೀಲಿ. ಅದರಲ್ಲೇ ಸೊಳ್ಳೆ ಕೂರೋದು.”

ನಾನು ಆ ಹೆಂಗಸಿನ ಕಡೆ ತಿರುಗಿ, “ಕಿತ್ತುಹಾಕಿ” ಎಂದೆ. ಅವಳು ನನ್ನ ಮುಖವನ್ನೂ ಕೈಯಲ್ಲಿದ್ದ ಸೊಪ್ಪನ್ನೂ ನೋಡಿ, “ಆಯ್ತು ಬಿಡಿ” ಎಂದು ಅದನ್ನು ರಾಶಿಗೆ ಎಸೆದಳು. ಮಧ್ಯಾಹ್ನದ ಹೊತ್ತಿಗೆ ಓಣಿಯ ಹಿಂದೆ ಮಣ್ಣು ಕೆಂಪಗೆ ಹೊಳೆಯುತ್ತಿತ್ತು, ರಾಶಿಯೆಲ್ಲ ತಿಪ್ಪೆ ಸೇರಿತ್ತು. ಮೊದಲು ಹೀಗಿತ್ತು, ನಂತರ ಹೀಗಾಯಿತು ಎಂದು ಎರಡೆರಡು ಫೋಟೋ ತೆಗೆದೆವು. ‘ಅನುಪಯುಕ್ತ ಕಳೆಗಿಡಗಳನ್ನು ಸಂಪೂರ್ಣವಾಗಿ ನಿರ್ಮೂಲನೆ ಮಾಡಲಾಯಿತು’ ಎಂದು ವರದಿಯಲ್ಲಿ ಬರೆದವಳು ನಾನೇ. ವರದಿ ಚೆನ್ನಾಗಿದೆಯೆಂದು ಎಲ್ಲರೂ ಹೇಳಿದರು.

ಮುಂದಿನ ಭೇಟಿಗಳಲ್ಲಿ ನನ್ನ ಗಮನವೆಲ್ಲ ಇಂಗುಗುಂಡಿಗಳ ಮೇಲಿತ್ತು. ಪಾಲಕ್ ಮೊಳಕೆಯೊಡೆದದ್ದು ನೋಡಿ ಸಮಾಧಾನವಾಯಿತು. ಆಮೇಲೆ ಬಿಸಿಲು ಏರಿತು. ಬಿಸಿಲಿನಿಂದ ಉಳಿದ ಸಸಿಗಳನ್ನು ಕೋಳಿಗಳು ಕೆದರಿ ಮುಗಿಸಿದವು. ಹೊಸ ಬೀಜ ತರಿಸೋಣ ಎಂದುಕೊಂಡೆ.

ತಿಂಗಳು ಕಳೆದು ಒಂದು ಬೆಳಿಗ್ಗೆ ನಾನು ಜೀಪಿನಿಂದ ಇಳಿಯುತ್ತಲೇ ಆಶಾ ಎದುರಾದರು.

“ಅವಳದು ಬ್ಲಡ್ಡು ಇಳಿದುಬಿಟ್ಟಿದೆ ಮೇಡಮ್ಮಾರೆ. ಎಂಟು. ಮಾತ್ರೆ ತಗೋತೀನಿ ಅಂತಾಳೆ, ನಂಗೆ ನಂಬ್ಕೆ ಇಲ್ಲ. ನೀವೇ ಒಂದ್ಸಲ ಕೇಳಿ.”

ನಾವಿಬ್ಬರೂ ಅವಳ ಮನೆಗೆ ಹೋದೆವು. ಅವಳು ಜಗಲಿಯ ಮೇಲೆ ಕುಳಿತು ಟೀಯಲ್ಲಿ ಬನ್ನು ಅದ್ದಿಕೊಂಡು ತಿನ್ನುತ್ತಿದ್ದಳು. ಅತ್ತೆ ಬಾಗಿಲಲ್ಲಿ ಮೊರ ಹಿಡಿದು ರಾಗಿ ಕೇರುತ್ತಿದ್ದರು. ಮಾತ್ರೆಗಳನ್ನು ಸೇವಿಸುತ್ತಿದ್ದೀರಾ ಎಂದು ಕೇಳಿದೆ. ಅವಳು ಒಳಗೆ ಹೋಗಿ ಒಂದು ಹಳೆಯ ಡಬ್ಬ ತಂದು ನನ್ನ ಮುಂದಿಟ್ಟಳು. ಮಾತ್ರೆಯ ಶೀಟುಗಳು ಹೆಚ್ಚುಕಡಿಮೆ ಹಾಗೇ ಇದ್ದವು.

“ಬರೀ ಹೊಟ್ಟೇಲಿ ತಗೊಂಡ್ರೆ ಹೊಟ್ಟೆ ತೊಳಸ್ತದೆ ಕಣಕ್ಕ. ಎಲ್ಲಾ ವಾಂತಿ.”

“ಊಟವಾದ ನಂತರ ಸೇವಿಸಬೇಕೆಂದು ಹೇಳಿದ್ದೆನಲ್ಲ?”

“ಊಟ ಎಲ್ಲಿ ಸೇರ್ತದೆ? ಸೊಪ್ಪಿನ್ ಸಾರಿದ್ರೆ ಮುದ್ದೆ ಇಳೀತಿತ್ತು. ಸಂತೆಯಿಂದ ತಂದ ತರಕಾರಿ ಎರಡು ದಿನ. ಆಮ್ಯಾಕೆ ಬರೀ ಹುಣಸೆ ನೀರು, ಖಾರ. ನಂಗೆ ಅದ್ರ ವಾಸ್ನೆನೇ ಆಗಕ್ಕಿಲ್ಲ. ಅದ್ಕೇ ಟೀ ಕುಡ್ಕೊಂಡು ಇದ್ಬುಡ್ತೀನಿ.”

“ಮೊದಲು ಸೊಪ್ಪನ್ನು ಎಲ್ಲಿಂದ ತರುತ್ತಿದ್ದಿರಿ?”

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. “ಹಿತ್ತಲಲ್ಲೇ ಇತ್ತಲ್ಲಕ್ಕ. ಹೊನಗೊನೆ. ಅವತ್ತು ನಿಮ್ಮನ್ನೇ ಕೇಳಿದ್ನಲ್ಲ.”

ಹೊಲದಲ್ಲಿ ಸಿಗುವುದಿಲ್ಲವೇ ಎಂದೆ. ಮೊದಲು ರಾಗಿ ಹೊಲದಲ್ಲಿ ಕಳೆ ಕೀಳಲು ಹೋದಾಗ ಮಡಿಲು ತುಂಬ ಬೆರಕೆ ಸೊಪ್ಪು ತರುತ್ತಿದ್ದರಂತೆ. ಈಗ ಎಲ್ಲರೂ ಕಳೆಗೆ ಔಷಧಿ ಹೊಡೆಯುತ್ತಾರೆ, ಬದುವಿನ ಸೊಪ್ಪು ಮುಟ್ಟುವಂತಿಲ್ಲ. ಹೀಗಾಗಿ ಮನೆಯ ಹಿಂದಿನ ಆ ಎರಡು ಅಂಚುಗಳೇ ಉಳಿದಿದ್ದವು.

ಅತ್ತೆ ಮೊರವನ್ನು ಕೆಳಗಿಡದೆ ಹೇಳಿದರು: “ಪಾಲಕ್ಕಂತೆ ಪಾಲಕ್ಕು. ಅದ್ನ ತಿಂದು ನಮ್ಮ ಕೋಳಿಗೆ ರಕ್ತ ಬಂದೈತೆ. ಬೇಕಾದ್ರೆ ಅದ್ಕೇ ಟೆಸ್ಟ್ ಮಾಡ್ಸಿ.”

“ಸುಮ್ಕಿರತ್ತೆ” ಎಂದಳು ಸೊಸೆ. ಮತ್ತೆ ನನ್ನ ಕಡೆ ತಿರುಗಿ, ಆಪಾದನೆಯ ಧ್ವನಿಯೇ ಇಲ್ಲದೆ, “ಓದ್ದೋರು ಕಿತ್ತಾಕಿ ಅಂದ್ಮೇಲೆ ಅದ್ರಲ್ಲಿ ಏನೋ ಕೆಟ್ಟದ್ದು ಇರ್ಬೇಕು ಅಂದ್ಕೊಂಡೆ” ಎಂದಳು.

ಅವಳು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಮಾಗಡಿ ರಸ್ತೆಯುದ್ದಕ್ಕೂ ಜೀಪಿನಲ್ಲಿ ನಾನು ಒಂದೇ ಲೆಕ್ಕ ಹಾಕುತ್ತಿದ್ದೆ. ಆರು ತಿಂಗಳು ತುಂಬಿದೆ. ಉಳಿದಿರುವುದು ಮೂರು. ಎಂಟರಿಂದ ಏಳಕ್ಕೆ ಇಳಿಯಲು ಎಷ್ಟು ದಿನ ಬೇಕು?

ಮನೆಗೆ ಬಂದಾಗ ಅಮ್ಮ ವ್ಯಾಪಾರ ಮುಗಿಸಿ ಬಂದು, ಉಳಿದ ಸೊಪ್ಪನ್ನು ಮುಂದೆ ಹರಡಿಕೊಂಡು ಕುಳಿತಿದ್ದಳು. ಬಾಡುವ ಕಟ್ಟುಗಳನ್ನು ಸಂಜೆ ಬಿಡಿಸಿ ನಮ್ಮ ಸಾರಿಗೆ ಹಾಕುವುದು ನಮ್ಮ ಮನೆಯ ಪದ್ಧತಿ. ನಾನು ಕೈಕಾಲು ತೊಳೆದು ಎದುರಿಗೆ ಕುಳಿತೆ. ಒಂದು ಹೊನಗೊನೆಯ ಕಟ್ಟನ್ನು ಬಿಚ್ಚಿಕೊಂಡೆ. ಬಿಡಿಸುತ್ತಲೇ ಎಲ್ಲವನ್ನೂ ಹೇಳಿದೆ.

ಅಮ್ಮ ಪೂರ್ತಿ ಕೇಳಿದಳು.

“ನಿಂಗೆ ಗೊತ್ತಾಗ್ಲಿಲ್ವಾ ಅದು ಹೊನಗೊನೆ ಅಂತ?”

“ಗೊತ್ತಾಯ್ತು.”

“ಮತ್ತೆ?”

ನಾನು ತಲೆ ತಗ್ಗಿಸಿ ಇನ್ನೊಂದು ಕಡ್ಡಿ ಎತ್ತಿಕೊಂಡೆ. ಅಮ್ಮನಿಗೆ ಅದು ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲವೆಂದು ಅವಳ ಕೈ ನಿಂತದ್ದರಿಂದ ತಿಳಿಯಿತು. ಆಮೇಲೆ ಕೈ ಮತ್ತೆ ಆಡತೊಡಗಿತು.

“ಹದಿನೈದು ವರ್ಷ ಹೊನಗೊನೆ ಬಿಡಿಸಿದ ಕೈ ಕಣೇ ನಿಂದು. ಡಿಗ್ರಿ ಆದ್ಮೇಲೆ ಕಣ್ಣು ಮಂಜಾಯ್ತಾ? ತಿನ್ನು ಇದನ್ನೇ, ಕಣ್ಣಿಗೆ ಒಳ್ಳೇದು.”

ನನಗೆ ಅಳು ಬಂತು. ಅವಳು ಅದನ್ನು ಗಮನಿಸಿದಂತೆ ತೋರಿಸಿಕೊಳ್ಳಲಿಲ್ಲ.

“ಅತ್ರೆ ಅಲ್ಲಿ ಸೊಪ್ಪು ಬೆಳೆಯಲ್ಲ. ಆ ಕಡ್ಡಿ ಬಿಸಾಕ್ಬೇಡ, ಈ ಕಡೆ ಕೊಡು” ಎಂದಳು. ಎಲೆ ಬಿಡಿಸಿಕೊಂಡು ನಾನು ಕಸಕ್ಕೆಂದು ಒತ್ತಟ್ಟಿಗೆ ಹಾಕಿದ್ದ ಕಡ್ಡಿಗಳಲ್ಲಿ ಒಂದನ್ನು ಎತ್ತಿ ತೋರಿಸಿದಳು. ಗಿಣ್ಣಿನಲ್ಲಿ ನೂಲಿನಷ್ಟು ತೆಳ್ಳಗೆ ಬಿಳಿಯ ಬೇರು ಹೊರಟಿತ್ತು. “ಇಲ್ನೋಡು. ಇದಕ್ಕೆ ಬೀಜ ಬೇಡ, ಏನ್ ಬೇಡ. ಎರಡು ಗಿಣ್ಣು ಮಣ್ಣೊಳಗೆ ಹೋಗೋ ಹಾಗೆ ಊರಿ, ನೀರು ಹಾಕ್ತಾ ಬಂದ್ರೆ ಬಂದ್ಬಿಡುತ್ತೆ. ಆದ್ರೆ ಒಂದು ಮಾತು. ಇವು ಎಲ್ಲಿ ಬೆಳೆದಿದ್ದೋ, ಮೋರಿ ನೀರಲ್ಲೋ ಏನೋ. ಮೊದಲ್ನೇ ಕೊಯ್ಲು ಬಿಸಾಕ್ಬೇಕು. ಎರಡನೇದ್ರಿಂದ ತಿನ್ಬೇಕು. ಬಚ್ಚಲ ಸೋಪಿನ ನೀರು ಬಿಡ್ಬೇಡಿ. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು ಸಾಕು ಅದಕ್ಕೆ.”

“ಅಲ್ಲಿವರೆಗೂ ಏನು ತಿನ್ತಾಳೆ?”

“ನಾನೇನ್ ಸತ್ತೋಗಿದೀನಾ? ತೋಟದಿಂದ ಬರೋ ಒಳ್ಳೇ ಸೊಪ್ಪಲ್ಲಿ ಆರಿಸಿ ಕೊಡ್ತೀನಿ, ನೀನು ಹೋಗೋ ದಿನ ಎರಡು ಕಟ್ಟು ತಗೊಂಡ್ ಹೋಗು. ನೀಟಾಗಿ ಮೂರು ಸಲ ತೊಳೆಯೋಕ್ಕೆ ಹೇಳು.”

ಮರುದಿನವೇ ಹಳ್ಳಿಗೆ ಹೋಗಬೇಕೆಂದು ನಿಶ್ಚಯಿಸಿದೆ. ಆದರೆ ಜೀಪು ಬೇಕೆಂದರೆ ಮೇಡಂ ಅವರ ಅನುಮತಿ ಬೇಕು. ಅನುಮತಿ ಬೇಕೆಂದರೆ ಕಾರಣ ಹೇಳಬೇಕು. ಕೆಲಸ ಖಾಯಂ ಆಗುವ ಮೊದಲಿನ ನನ್ನ ಪರೀಕ್ಷಾವಧಿ ಮುಗಿಯಲು ಇನ್ನೂ ಸ್ವಲ್ಪ ದಿನವಿತ್ತು. ಒದ್ದೆ ಗೋಣಿಯಲ್ಲಿ ಸುತ್ತಿದ ಕಡ್ಡಿಗಳ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತು, ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲಿ ಎಷ್ಟು ಸಲ ಕಟ್ಟಿದರೂ ಅದು ಸರಿಯಾಗಲಿಲ್ಲ. ಗೋಣಿಯ ನೀರು ಸೀರೆಗೆ ಇಳಿದದ್ದು ಗಾಂಧಿ ಬಜಾರಿನಲ್ಲಿ ಇಳಿದ ಮೇಲೆ ತಿಳಿಯಿತು.

ಮೇಡಂ ಆಗಷ್ಟೇ ಬಂದು ಕುಳಿತಿದ್ದರು. “ಏನಮ್ಮಾ ಇದು? ಸಂತೆಗೆ ಹೊರಟ ಹಾಗಿದೆ?” ಎಂದರು.

ನಾನು ಗೋಣಿಯನ್ನು ಬಿಚ್ಚಿ, ಮೇಲಿದ್ದ ಎರಡು ಕಟ್ಟು ಸೊಪ್ಪನ್ನು ಅವರ ಮೇಜಿನ ಪಕ್ಕ ಇಟ್ಟೆ.

“ಹೊನಗೊನೆ! ಎಷ್ಟು ಎಳೇದಿದೆ. ನಮ್ಮನೇಲಿ ವಾರಕ್ಕೊಂದ್ಸಲ ಆಗ್ಲೇಬೇಕು. ನಮ್ಮಜ್ಜಿ ಕಾಲದಿಂದ ನಡ್ಕೊಂಡ್ ಬಂದಿದ್ದು. ಎಲ್ಲಿ ಸಿಕ್ತು?”

“ಮೇಡಂ, ಅಂದು ನಾವು ಕೀಳಿಸಿದ್ದು ಇದನ್ನೇ.”

ಅವರಿಗೆ ಕೂಡಲೇ ಅರ್ಥವಾಗಲಿಲ್ಲ. ನಾನು ಚರಂಡಿಯ ಬದಿ, ಆ ಹೆಂಗಸು ಕೇಳಿದ ಪ್ರಶ್ನೆ, ಡಬ್ಬದಲ್ಲಿದ್ದ ಮಾತ್ರೆಗಳು, ಎಂಟಕ್ಕೆ ಇಳಿದ ರಕ್ತ ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಮೇಡಂ ಒಂದು ಕಡ್ಡಿಯನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ನನ್ನ ಕಣ್ಣೆದುರಿಗೇ ಇತ್ತಲ್ಲೇ. ಕಟ್ಟು ಕಟ್ಟಿಟ್ಟಿದ್ರೆ ಗೊತ್ತಾಗತ್ತೆ, ನೆಲದ ಮೇಲಿದ್ರೆ ಗುರುತೇ ಸಿಗಲ್ಲ ನಂಗೆ. ಅರವತ್ತು ವರ್ಷದಿಂದ ತಿಂತಾ ಇದೀನಿ.” ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು ಮೇಡಂ.”

“ಗೊತ್ತಿದ್ದೂ ಕಳೆ ಅಂದ್ಯಾ?”

“ನಮ್ಮ ತಾಯಿ ಸೊಪ್ಪು ಮಾರುತ್ತಾರೆ” ಎಂದೆ. ಆ ವಾಕ್ಯವನ್ನು ನಾನು ಮೊದಲೇ ಕಟ್ಟಿಕೊಂಡಿರಲಿಲ್ಲ. ಅದು ಆ ಪ್ರಶ್ನೆಗೆ ಉತ್ತರವಾಗುತ್ತದೆಯೇ ಎಂಬುದೂ ಆಗ ಹೊಳೆಯಲಿಲ್ಲ.

ಮೇಡಂ ಕಡ್ಡಿಯನ್ನು ಮೇಜಿನ ಮೇಲಿಟ್ಟರು. “ಅದಕ್ಕೆ? ಆ ಹುಡುಗಿ ಹೊಟ್ಟೆ ಮೇಲೆ ಹೊಡೆಯೋದಾ?” ಎಂದರು. ಧ್ವನಿ ಏರಿರಲಿಲ್ಲ. ಅಷ್ಟು ಕಠಿಣವಾದ ಮಾತನ್ನು ಅವರು ನನಗೆ ಆಡಿದ್ದು ಅದೊಂದೇ ಸಲ. ಅದು ನ್ಯಾಯವಾದ ಮಾತು ಎಂದು ಆಗಲೂ ಅನಿಸಿತು, ಈಗಲೂ ಅನಿಸುತ್ತದೆ.

ಅವರು ಎದ್ದು ಚಾಲಕರನ್ನು ಕರೆದು ಜೀಪು ತೆಗೆಯಲು ಹೇಳಿದರು. ಬಾಗಿಲ ಬಳಿ ನಿಂತು ಚಪ್ಪಲಿ ಮೆಟ್ಟಿಕೊಳ್ಳುತ್ತಾ, “ಎಲ್ಲಿ ಕೂರ್ತಾರೆ ನಿಮ್ಮಮ್ಮ?” ಎಂದು ಕೇಳಿದರು.

“ಮಲ್ಲೇಶ್ವರ, ಎಂಟನೇ ಕ್ರಾಸ್.”

“ಕಟ್ಟು ಚೆನ್ನಾಗಿ ಕಟ್ತಾರಮ್ಮ. ನಮ್ಮ ಗಾಂಧಿ ಬಜಾರಲ್ಲಿ ಒಂದು ಕಟ್ಟು ಈಗ ಬೆರಳಷ್ಟು ಗಾತ್ರಕ್ಕೆ ಬಂದಿದೆ.”

ಆ ದಿನ ಮೇಡಂ, ಆಶಾ ಮತ್ತು ನಾನು ಮೂವರೂ ಆ ಹೆಂಗಸಿನ ಹಿತ್ತಲಿನಲ್ಲಿದ್ದೆವು. ಇಂಗುಗುಂಡಿಯನ್ನು ಹಾಗೇ ಉಳಿಸಿಕೊಂಡು, ಅದರಿಂದ ದೂರಕ್ಕೆ, ಪಾತ್ರೆ ತೊಳೆಯುವ ಕಲ್ಲಿನ ಈಚೆ ಒಂದು ಮಡಿ ಮಾಡಿದೆವು. ಗುದ್ದಲಿ ಹಿಡಿದವರು ಅತ್ತೆ. ಕಡ್ಡಿ ಊರಿದವಳು ನಾನು. ಅಮ್ಮ ಹೇಳಿದಂತೆ ಎರಡು ಗಿಣ್ಣು ಮಣ್ಣೊಳಗೆ. ಕೋಳಿಗಳು ಬಾರದಂತೆ ಸುತ್ತ ಮುಳ್ಳು ಇಟ್ಟೆವು.

ನಾನು ಆ ಹೆಂಗಸಿಗೆ, “ಅಂದು ನಾನು ಹೇಳಿದ್ದು ತಪ್ಪು. ಅದು ಹೊನಗೊನೆಯೇ ಎಂದು ನನಗೆ ತಿಳಿದಿತ್ತು” ಎಂದೆ.

ಅವಳು ಅತ್ತೆಯ ಮುಖ ನೋಡಿದಳು. ಉತ್ತರ ಕೊಟ್ಟವರು ಅತ್ತೆ. “ತಿಳ್ದೂ ತಿಳ್ದೂ ಕೀಳ್ಸಿದ್ರಾ? ಚೆನ್ನಾಗೈತೆ! ಇವತ್ತು ಮಧ್ಯಾಹ್ನ ಇಲ್ಲೇ ಉಣ್ಣಿ. ನೀವ್ ತಂದಿರೋ ಸೊಪ್ಪಲ್ಲೇ ಮಸ್ಸೊಪ್ಪು ಮಾಡ್ತೀನಿ. ನೀವೇ ಬಿಡಿಸ್ಕೊಡಿ.”

ಮೇಡಂ ಅವರ ಎದುರಿನಲ್ಲಿ, ಜಗಲಿಯ ಮೇಲೆ ಕುಳಿತು ಎರಡು ಕಟ್ಟು ಹೊನಗೊನೆ ಬಿಡಿಸಿದೆ. ಅಮ್ಮ ಹೇಳಿಕೊಟ್ಟ ಹಾಗೆ, ಕಡ್ಡಿಯ ತುದಿ ಹಿಡಿದು ಕೆಳಮುಖವಾಗಿ ಎಳೆದರೆ ಎಲೆಗಳೆಲ್ಲ ಒಮ್ಮೆಗೇ ಕೈಗೆ ಬರುತ್ತವೆ. ಬೇಗ ಮುಗಿಯಿತು. “ಕೈ ಪಳಗೈತೆ” ಎಂದರು ಅತ್ತೆ, ಮೊದಲ ಬಾರಿಗೆ ನನ್ನ ಬಗ್ಗೆ ಒಳ್ಳೆಯ ಮಾತು. ಆ ಹೆಂಗಸು ಅಂದು ಒಂದು ಮುದ್ದೆ ಪೂರ್ತಿ ಉಂಡಳು. ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ ಆಶಾ ಅವಳ ಕೈಗೆ ಮಾತ್ರೆ ಕೊಟ್ಟು, ಅದರ ಹಿಂದೆ ಮುಂದೆ ಟೀ ಕುಡಿಯಬಾರದೆಂದು ಹೇಳಿದರು. ಅವಳು ಮೂಗು ಹಿಡಿದುಕೊಂಡು ನುಂಗಿದಳು. ನಾವೆಲ್ಲರೂ ವಾಂತಿಯಾದೀತೆಂದು ಕಾದೆವು. ಆಗಲಿಲ್ಲ.

ಮುಂದಿನ ಎರಡು ತಿಂಗಳು ವಾರಕ್ಕೆ ಎರಡು ಸಲ ಅಮ್ಮನ ಕಟ್ಟುಗಳು ಜೀಪಿನಲ್ಲಿ ಹೋದವು. ಅಮ್ಮ ಅವನ್ನು ಮಾರುವ ಸೊಪ್ಪಿನಿಂದ ಬೇರೆ ಆರಿಸಿ, ಬಾಳೆ ನಾರಿನಲ್ಲಿ ಕಟ್ಟಿಡುತ್ತಿದ್ದಳು. ನಾನು ಮರಳಿ ಬರುವುದನ್ನೇ ಕಾದು, “ಉಂಡ್ಳಾ?” ಎಂದು ಕೇಳುತ್ತಿದ್ದಳು. ಮಡಿಯಲ್ಲಿ ಊರಿದ ಕಡ್ಡಿಗಳು ಮೊದಲ ವಾರ ಬಾಡಿ ಒರಗಿ ನನ್ನನ್ನು ಹೆದರಿಸಿದವು, ಆಮೇಲೆ ಚಿಗುರಿದವು. ಮೊದಲ ಕೊಯ್ಲನ್ನು ಬಿಸಾಡಲು ಅತ್ತೆ ಸುತರಾಂ ಒಪ್ಪದೆ ಎಮ್ಮೆಗೆ ಹಾಕಿದರು. ಎರಡನೆಯ ಕೊಯ್ಲಿನ ಹೊತ್ತಿಗೆ ಅಕ್ಕಪಕ್ಕದವರು ಕಡ್ಡಿ ಕೇಳಿ ಒಯ್ಯತೊಡಗಿದ್ದರು.

ಎಂಟನೆಯ ತಿಂಗಳಲ್ಲಿ ಮತ್ತೆ ರಕ್ತಪರೀಕ್ಷೆ ಇತ್ತು. ಅಂದು ನಾನು ಕಚೇರಿಯಲ್ಲಿದ್ದೆ. ಕೈಪಿಡಿಯ ಎರಡನೆಯ ಮುದ್ರಣಕ್ಕೆ ಹೊಸ ಪುಟ ಬರೆಯುವುದಿತ್ತು. ‘ಹೊನಗೊನೆ ಸೊಪ್ಪು’ ಎಂಬ ತಲೆಬರಹ ಹಾಕಿ, ಮುಂದಿನ ಸಾಲು ಹೊಳೆಯದೆ, ಫೋನನ್ನೇ ನೋಡುತ್ತಾ ಕುಳಿತಿದ್ದೆ. ಮೂರು ಗಂಟೆಗೆ ಆಶಾ ಕರೆ ಮಾಡಿದರು.

“ಹತ್ತೂ ಕಾಲು!”

“ಸರಿಯಾಗಿ ನೋಡಿದಿರಾ?”

“ಎರಡ್ಸಲ ನೋಡಿಸ್ದೆ. ಡಾಕ್ಟ್ರು ಮಾತ್ರೆ ಕೆಲಸ ಮಾಡಿದೆ ಅಂದ್ರು. ಅವಳತ್ತೆ ಅಲ್ಲೇ ನಿಂತ್ಕೊಂಡು, ಮಾತ್ರೆ ಹೊಟ್ಟೆಗೆ ಹೋಗಕ್ಕೆ ದಾರಿ ಮಾಡಿದ್ಯಾರು ಅಂತ ಕೇಳವ್ರೆ ಡಾಕ್ಟ್ರನ್ನ.”

ವೈದ್ಯರು ಹೇಳಿದ್ದು ಸರಿ. ಸೊಪ್ಪೊಂದರಿಂದಲೇ ಅಷ್ಟು ಏರುವುದಿಲ್ಲವೆಂದು ನಾನು ಓದಿದ್ದೇನೆ. ಅತ್ತೆ ಹೇಳಿದ್ದೂ ಸರಿ. ಕೈಪಿಡಿಯ ಪುಟದಲ್ಲಿ ಎರಡನ್ನೂ ಬರೆದೆ. ನಿಘಂಟನ್ನು ತೆರೆಯದೆ, ಅಮ್ಮ ಹೇಳಿದ ಮಾತುಗಳಲ್ಲೇ ಬಹುಪಾಲು ಬರೆದೆ. ‘ಗಿಣ್ಣು’ ಎಂಬುದರ ಬದಲು ಬೇರೆ ಪದ ಬೇಕೇ ಎಂದು ಸ್ವಲ್ಪ ಹೊತ್ತು ಯೋಚಿಸಿ ಹಾಗೇ ಬಿಟ್ಟೆ. ಮೇಡಂ ಓದಿ, ಯಾವ ತಿದ್ದುಪಡಿಯೂ ಇಲ್ಲದೆ ಮುದ್ರಣಕ್ಕೆ ಕಳುಹಿಸಿದರು. ಆ ಸಲ ಭಾಷೆಯ ಬಗ್ಗೆ ಏನನ್ನೂ ಹೇಳಲಿಲ್ಲ.

ಹೆರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಆಯಿತು. ಈ ಸಲವೂ ಹೆಣ್ಣು. ಹೆಚ್ಚು ರಕ್ತ ಹೋಗಲಿಲ್ಲ. ಸುದ್ದಿಯನ್ನು ನನಗೆ ತಿಳಿಸಿದವಳು ಅವಳೇ, ಮೂರನೆಯ ದಿನ, ಗಂಡನ ಫೋನಿನಿಂದ. ನಾನು ಆಗಷ್ಟೇ ಮನೆಗೆ ಬಂದು ಅಮ್ಮನ ಎದುರಿಗೆ ಸೊಪ್ಪು ಬಿಡಿಸಲು ಕುಳಿತಿದ್ದೆ. ಅಮ್ಮನಿಗೂ ಕೇಳಲೆಂದು ಫೋನಿನ ಸ್ಪೀಕರ್ ಹಾಕಿದೆ. ಅವಳ ಧ್ವನಿ ಸೋತಿತ್ತು, ಆದರೆ ಸ್ಪಷ್ಟವಾಗಿತ್ತು. ನಾನು ಮಂಗಳವಾರ ಬರುವುದಾಗಿಯೂ, ಎಂದಿನಂತೆ ಹೊನಗೊನೆ ತರುವುದಾಗಿಯೂ ಹೇಳಿದೆ.

“ಬ್ಯಾಡಕ್ಕ, ಈಗ ಹೊನಗೊನೆ ತರ್ಬ್ಯಾಡಿ. ಬಾಣಂತಿಗೆ ತಂಪಾಗ್ತದೆ ಅಂತ ಅತ್ತೆ ಬೈತದೆ. ಸಬ್ಬಸಿಗೆ ಸಿಕ್ರೆ ತನ್ನಿ. ಹಾಲು ಚೆನ್ನಾಗಿ ಬತ್ತದಂತೆ.”

ಬಾಣಂತಿಯರು ಎಲ್ಲ ಬಗೆಯ ಸೊಪ್ಪನ್ನೂ ಸೇವಿಸಬಹುದೆಂದು ನಾನು ಓದಿದ್ದೆ, ಕೈಪಿಡಿಯಲ್ಲಿ ಬರೆದೂ ಇದ್ದೆ. ಅದನ್ನು ಹೇಳಬೇಕೆಂದು ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದೆ. ಅಷ್ಟರಲ್ಲಿ ಅಮ್ಮ ನನ್ನ ಕೈಯಿಂದ ಫೋನನ್ನು ತನ್ನ ಕಡೆಗೆ ಎಳೆದುಕೊಂಡು, ಇದುವರೆಗೂ ಮುಖ ನೋಡದ ಆ ಹೆಂಗಸಿಗೆ ನೇರವಾಗಿ ಹೇಳಿದಳು.

“ಸಬ್ಬಸಿಗೆ ನಾನ್ ಕಳಿಸ್ತೀನಮ್ಮ. ನಿಮ್ಮತ್ತೆ ಮಾತು ಕೇಳು. ಆದ್ರೆ ಮಾತ್ರೆ ಮಾತ್ರ ಬಿಡ್ಬೇಡ, ನಮ್ಮ್ ಹುಡುಗಿ ಹೇಳಿದ್ದಾಳಲ್ಲ, ಅದನ್ನ ಕೇಳು.”

“ಆಯ್ತಮ್ಮ” ಎಂದಿತು ಆ ಕಡೆಯ ಧ್ವನಿ. “ನೀವೇನಾ ಸೊಪ್ಪು ಕಟ್ಟೋ ಅಮ್ಮ?”

“ನಾನೇ” ಎಂದಳು ಅಮ್ಮ. ಮಗು ಅತ್ತಿತು, ಕರೆ ನಿಂತಿತು. ಅಮ್ಮ ಫೋನನ್ನು ನನ್ನ ಕೈಗೆ ಕೊಟ್ಟು, ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ಸಬ್ಬಸಿಗೆ ಎಳೆಯದು ಬಂದಿತ್ತು, ನಾಳೆಯೂ ಬರುತ್ತದೋ ಇಲ್ಲವೋ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾ ಮುಂದಿನ ಕಟ್ಟನ್ನು ಬಿಚ್ಚಿದಳು.